ಸೊಲ್ಲು ಕೊಡುವವಳು

ಚಿಕ್ಕಸಿದ್ದಯ್ಯನ ಗಂಟಲಿನ ಗಂಟು ತೆಗೆದು ಮನೆಗೆ ಕಳಿಸುವಾಗ ಮೈಸೂರಿನ ಡಾಕ್ಟರು ಎರಡು ಮಾತು ಹೇಳಿದ್ದರು. ಒಂದು ತಿಂಗಳು ಬಾಯಿಂದ ಶಬ್ದವೇ ಹೊರಡಬಾರದು. ಆಮೇಲೆ ಮಾತಾಡಬಹುದು, ಆದರೆ ಹಾಡುವಂತಿಲ್ಲ. ಮೊದಲನೆಯದನ್ನು ಮಗ ಪ್ರಭುಸ್ವಾಮಿ ಮನೆಯವರಿಗೆಲ್ಲ ಹೇಳಿದ. ಎರಡನೆಯದನ್ನು ಯಳಂದೂರಿನ ಮನೆ ಮುಟ್ಟಿದ ಮೇಲೂ ನುಂಗಿಕೊಂಡಿದ್ದು, ಹಿತ್ತಲಿಗೆ ಹೋಗಿ ಅವ್ವನೊಬ್ಬಳಿಗೇ ಹೇಳಿದ.

ಶಿವನಂಜಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವ್ರಿಗೆ ಗೊತ್ತಾ?"

"ಗೊತ್ತು ಕಣವ್ವ. ಡಾಕ್ಟ್ರು ಎದುರ್ಗೇ ಯೋಳುದ್ರು."

"ಏನಂದ್ರು?"

"ಏನನ್ನಕಾದದು? ಮಾತಾಡಂಗಿಲ್ವಲ್ಲ."

ಅದು ತೊಂಬತ್ತಮೂರನೇ ಇಸವಿಯ ಡಿಸೆಂಬರ್ ತಿಂಗಳು. ಚಿಕ್ಕಸಿದ್ದಯ್ಯ ತಂಬೂರಿ ಹೆಗಲಿಗೇರಿಸಿ ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ಅವನಿಗಿಂತ ಮುಂಚೆ ಅವನಪ್ಪ ಪುಟ್ಟಸಿದ್ದಯ್ಯ ಹಾಡುತ್ತಿದ್ದ. ಹನೂರಿನಿಂದ ಯಳಂದೂರಿನವರೆಗೆ ಯಾವ ಊರಲ್ಲಿ ಕತೆ ಹಾಡಿಸಿದರೂ ಇವರ ಮೇಳವನ್ನೇ ಕರೆಯುತ್ತಿದ್ದ ಮನೆಗಳಿದ್ದವು. ಮೇಳವೆಂದರೆ ದೊಡ್ಡದೇನಲ್ಲ. ಮುಂದೆ ಚಿಕ್ಕಸಿದ್ದಯ್ಯ, ಹಿಂದೆ ಡಿಕ್ಕಿಯೆಂಬ ಸಣ್ಣ ಚರ್ಮವಾದ್ಯ ಬಾರಿಸುವ ಮಾದಣ್ಣ, ತಾಳ ಹಿಡಿದ ಶಿವನಂಜಮ್ಮ. ಅವನು ಒಂದು ಸಾಲು ಹಾಡಿ ಬಿಟ್ಟಕೂಡಲೇ ಹಿಂದಿನವರು ಅದರ ಬಾಲ ಹಿಡಿದು ಎಳೆಯಬೇಕು. ಅಷ್ಟರಲ್ಲಿ ಅವನು ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಸಿದ್ಧನಾಗುತ್ತಿದ್ದ. ಇದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಮದುವೆಯಾಗಿ ಬಂದ ಮರುವರ್ಷದಿಂದ ಶಿವನಂಜಮ್ಮ ಸೊಲ್ಲು ಕೊಡುತ್ತಲೇ ಬಂದಿದ್ದಳು.

ಮನೆಯಲ್ಲೀಗ ಸೊಸೆ ರಾಣಿ ಗಂಡನ ಸ್ಕೂಲಿನ ಕಾಲದ ಸ್ಲೇಟನ್ನು ಹುಡುಕಿ ಮಾವನ ಕೈಗೆ ಕೊಟ್ಟಳು. ಮೂರನೇ ಕ್ಲಾಸು ಓದಿದ್ದ ಚಿಕ್ಕಸಿದ್ದಯ್ಯ ಒಂದೊಂದೇ ಅಕ್ಷರ ಕೂಡಿಸಿ ಬರೆಯುವನು. ಪ್ರಭುಸ್ವಾಮಿ ಅಂಗಡಿಗೆ ಹೋದರೆ ಮನೆಯಲ್ಲಿ ಓದಲು ಬರುತ್ತಿದ್ದವಳು ರಾಣಿಯೊಬ್ಬಳೇ. ಮೊದಲ ದಿನವೇ ಅವನು ಮುದ್ದೆಯ ತಟ್ಟೆ ಪಕ್ಕಕ್ಕಿಟ್ಟು ಬಹಳ ಹೊತ್ತು ಗೀಚಿ ಸ್ಲೇಟನ್ನು ಹೆಂಡತಿಯ ಕಡೆ ತಿರುಗಿಸಿದ.

"ಏನಮ್ಮಿ ಅದು?" ಎಂದಳು ಶಿವನಂಜಮ್ಮ.

ರಾಣಿ ನೋಡಿದಳು. ಉಪ್ಸಾರಿಗೆ ಉಪ್ಪೂ ಇಲ್ಲ, ಖಾರವೂ ಇಲ್ಲ, ನಿನ್ನ ಗಮನ ಎಲ್ಲಿ ಹಾಳಾಗಿದೆ ಎಂದು ಬರೆದಿತ್ತು.

"ಸಾರು ಅದವಾಗಿ ಅದೆ ಅಂತವ್ರೆ, ಅತ್ತೆ."

ಚಿಕ್ಕಸಿದ್ದಯ್ಯ ಸೊಸೆಯನ್ನು ದುರುಗುಟ್ಟಿಕೊಂಡು ನೋಡಿದ. ಕಂಬಕ್ಕೆ ಒರಗಿ ಕೂತಿದ್ದ ಅವನ ತಾಯಿ ಕೆಂಪಾಜಮ್ಮನಿಗೆ ಎಂಬತ್ತರ ಹತ್ತಿರ ವಯಸ್ಸು. ಕಣ್ಣು ಮಂಜಾದರೂ ಲೆಕ್ಕಾಚಾರ ಮಂಜಾಗಿರಲಿಲ್ಲ.

"ಅದವಾಗಿ ಅದೆ ಅನ್ನಕೆ ಅಷ್ಟು ವೊತ್ತು ಬರುದ್ನಾ? ಅದಿರ್ಲಿ ಕಣಮ್ಮಿ ರಾಣಿ, ನನ್ ಎಲೆಅಡ್ಕೆ ಕುಟ್ಕೊಡು. ಸಣ್ಣಕೆ ಕುಟ್ಟು, ಬಾಯ್ಲಿ ಅಲ್ಲಿಲ್ಲ ನಂಗೆ."

ಸಂಕ್ರಾಂತಿಗೆ ಮೂರು ವಾರ ಇರುವಾಗ ಅಜ್ಜೀಪುರದಿಂದ ರುದ್ರಸ್ವಾಮಿ ಬಂದರು. ಸುಗ್ಗಿ ಮುಗಿದು ಕಣದಲ್ಲಿ ರಾಗಿ ರಾಶಿಗೆ ಪೂಜೆ ಮಾಡುವ ದಿನ ಅವರ ಮನೆಯಲ್ಲಿ ಕತೆ ಹಾಡಿಸುವುದು ಅವರಜ್ಜನ ಕಾಲದ ಹರಕೆ. ಕಾಫಿ ಕುಡಿದು, ಹುಷಾರು ವಿಚಾರಿಸಿ, ಆಮೇಲೆ ಮೆಲ್ಲಗೆ ಮಾತು ತೆಗೆದರು.

"ನಿಮ್ಗೆ ಪೂರ್ತಿ ವಾಸಿಯಾಗೋಗಂಟ ತೊಂದ್ರೆ ಬ್ಯಾಡ. ಇದೊಂದೊರ್ಸ ಬ್ಯಾರೆ ಮೇಳ ಕರ್ಸದಾ ಅಂತ ಇದ್ದೀನಿ. ಒಂದ್ಮಾತು ಯೋಳ್ಬುಟ್ಟೋಗವ ಅಂತ ಬಂದಿ."

ಚಿಕ್ಕಸಿದ್ದಯ್ಯ ಸ್ಲೇಟು ಮುಟ್ಟಲಿಲ್ಲ. ಗೋಡೆಯ ಗೂಟದಲ್ಲಿದ್ದ ತಂಬೂರಿಯನ್ನು ನೋಡುತ್ತ ಕೂತ. ಒಂದು ವರ್ಷ ಬೇರೆ ಮೇಳ ಬಂದರೆ ಆ ಮನೆ ತಿರುಗಿ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಬಂದವರಿಗೂ ಗೊತ್ತಿತ್ತು.

"ಬ್ಯಾರೆಯೋರ್ ಯಾಕಪ್ಪ?" ಎಂದಳು ಕೆಂಪಾಜಮ್ಮ ಒಳಗಿನಿಂದ. "ನನ್ ಸೊಸೆ ಆಡ್ತಾಳೆ. ಇಪ್ಪತ್ತೇಳೊರ್ಸದಿಂದ ಸೊಲ್ಲು ಕೊಡ್ತಾವ್ಳೆ, ಕತೆ ಬರಾಕಿಲ್ವ ಅವ್ಳಿಗೆ?"

ಶಿವನಂಜಮ್ಮ ಲೋಟ ಹಿಡಿದು ಬಾಗಿಲಲ್ಲಿ ನಿಂತವಳು ಅಲ್ಲೇ ನಿಂತಳು. ಎಲ್ಲರೂ ಅವಳ ಮುಖ ನೋಡಿದರು. ಅವಳು ಗಂಡನ ಮುಖ ನೋಡಿದಳು. ಅವನು ತಲೆಯನ್ನು ಹೌದು ಅಂತಲೂ ಆಡಿಸಲಿಲ್ಲ, ಇಲ್ಲ ಅಂತಲೂ ಆಡಿಸಲಿಲ್ಲ.

"ಬತ್ತೀವಿ ಬುಡಿ," ಎಂದುಬಿಟ್ಟಳು ಶಿವನಂಜಮ್ಮ. ರುದ್ರಸ್ವಾಮಿ ಹೋದಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು.

ಮಾರನೇ ದಿನದಿಂದ ಹುಳುಮನೆಯೇ ಅಭ್ಯಾಸದ ಮನೆಯಾಯಿತು. ತಟ್ಟೆಗಳಿಗೆ ಸೊಪ್ಪು ಹರಡುತ್ತ ಅವಳು ಹಾಡುವಳು, ಬಾಗಿಲಲ್ಲಿ ಗಂಡ ಸ್ಲೇಟು ಹಿಡಿದು ಕೂರುವನು. ಅಜ್ಜೀಪುರದವರು ಪ್ರತಿವರ್ಷ ಕೇಳುತ್ತಿದ್ದದ್ದು ಹೊಳೆಯಾಚೆಗೆ ಕೊಟ್ಟ ತಂಗಿಯ ಕತೆ. ತವರಿನಲ್ಲಿ ಹೆತ್ತವ್ವನಿಗೆ ಕಾಯಿಲೆಯೆಂದು ಸುದ್ದಿ ಬರುತ್ತದೆ. ಅತ್ತೆ ಐದು ಕೆಲಸ ಮುಗಿಸಿ ಹೋಗು ಎನ್ನುತ್ತಾಳೆ. ತೂತು ಮಡಕೆಯಲ್ಲಿ ನೀರು ತರಬೇಕು, ಮರಳಿಗೆ ಬಿದ್ದ ಸಾಸಿವೆ ಆರಿಸಬೇಕು, ಖಂಡುಗ ರಾಗಿ ಬೀಸಬೇಕು, ಹಸಿ ಸೌದೆಯಲ್ಲಿ ಒಲೆ ಹಚ್ಚಬೇಕು, ಕರೀ ಕಂಬಳಿಯನ್ನು ಬೆಳ್ಳಗೆ ಒಗೆಯಬೇಕು. ಎಲ್ಲ ಮುಗಿಸಿ ಓಡಿ ಬರುವಷ್ಟರಲ್ಲಿ ಹೊಳೆ ತುಂಬಿರುತ್ತದೆ. ತಂಗಿ ಹೊಳೆಗೆ ಕೈಮುಗಿಯುತ್ತಾಳೆ, ಹೊಳೆ ದಾರಿ ಬಿಡುತ್ತದೆ, ಅವಳು ತವರು ಸೇರುತ್ತಾಳೆ.

ಕತೆ ಶಿವನಂಜಮ್ಮನಿಗೆ ನೀರು ಕುಡಿದಷ್ಟು ಸಲೀಸು. ಗಂಡ ಎಲ್ಲಿ ತಡೆಯುತ್ತಿದ್ದನೋ ಅಲ್ಲಿ ತಡೆದಳು, ಎಲ್ಲಿ ಗದರುತ್ತಿದ್ದನೋ ಅಲ್ಲಿ ಗದರಿದಳು. ಶಾಗ್ಯದಲ್ಲಿ ಒಂದು ಹೊಸಮನೆಯ ಪೂಜೆಗೆ ಕರೆದಿದ್ದರು. ಮೊದಲು ಅಲ್ಲಿ ಹಾಡಿ ನೋಡೋಣವೆಂದು ಹೋದರು. ಜನ ತಲೆದೂಗಿದರು.

"ಕಣ್ ಮುಚ್ಕಂಡು ಕೇಳುದ್ರೆ ಥೇಟ್ ಅಣ್ಣನೇ ಕಣತ್ಗೆ," ಎಂದ ಮಾದಣ್ಣ.

ಚಿಕ್ಕಸಿದ್ದಯ್ಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಆದರೆ ಮನೆಗೆ ಬಂದ ಶಿವನಂಜಮ್ಮನಿಗೆ ಎರಡು ದಿನ ಗಂಟಲು ಹಿಡಿದುಕೊಂಡಿತು. ಅವನ ಶ್ರುತಿ ಅವಳಿಗೆ ತುಂಬಾ ತಗ್ಗು. ಅದಕ್ಕೆ ಇಳಿದು ಹಾಡಿ ಹಾಡಿ ಒಳಗೆಲ್ಲ ಉಜ್ಜಿದಂತಾಗಿತ್ತು.

"ಇನ್ನೊಂದು ಗಂಟ್ಲು ಕಳ್ಕಬ್ಯಾಡಿ ಈ ಮನೇಲಿ," ಎಂದು ಪ್ರಭುಸ್ವಾಮಿ ಕೊಳ್ಳೇಗಾಲದ ತನ್ನ ರಿಪೇರಿ ಅಂಗಡಿಯಿಂದ ಒಂದು ಟೇಪ್ ರೆಕಾರ್ಡರ್ ತಂದಿಟ್ಟ. ಎರಡು ವರ್ಷದ ಹಿಂದೆ ಹನೂರಿನಲ್ಲಿ ಅಪ್ಪ ಹಾಡಿದ್ದನ್ನು ಅವನು ತುಂಬಿಸಿಕೊಂಡಿದ್ದ. "ಅಜ್ಜೀಪುರ್ದಲ್ಲಿ ಇದ್ನೇ ಆಕ್ಬುಡವ. ಜನಕ್ಕೆ ಅಪ್ಪನ ದನಿ ಕೇಳುದ್ರಾಯ್ತು."

"ರಾಗಿ ರಾಶಿ ಮುಂದೆ ಡಬ್ಬ ಇಟ್ಟು ಕೈಮುಗೀಬೇಕಾ?" ಎಂದು ಕೆಂಪಾಜಮ್ಮ ಕೇಳಿದ್ದಕ್ಕೆ ಅವನು ಮತ್ತೆ ಆ ಮಾತೆತ್ತಲಿಲ್ಲ.

ಆದರೆ ರಾಣಿ ಒಂದು ಮಧ್ಯಾಹ್ನ ಹುರುಳಿ ಆರಿಸುತ್ತ ಆ ಕ್ಯಾಸೆಟ್ ಹಾಕಿದಳು. ಅತ್ತೆ ಸೊಸೆ ಇಬ್ಬರೂ ಕೇಳುತ್ತ ಕೂತರು.

"ಅತ್ತೆ, ಇದ್ರಲ್ಲಿ ನಿಮ್ ದನಿ ಯಾವ್ದು?"

ಶಿವನಂಜಮ್ಮ ಮೊರ ಇಳಿಸಿ ಡಬ್ಬಕ್ಕೆ ಕಿವಿಕೊಟ್ಟಳು. ಗಂಡನ ದನಿಯಿತ್ತು. ಮಾದಣ್ಣನ ದನಿ ಸ್ವಲ್ಪ ಅಪಸ್ವರವಾಗಿ ಗೊತ್ತಾಗುತ್ತಿತ್ತು. ತನ್ನದು ಎಲ್ಲೂ ಕಾಣಲಿಲ್ಲ. ಗಂಡನ ದನಿಯ ಅಡಿಯಲ್ಲಿ ಎಲ್ಲೋ ಸೇರಿಹೋಗಿತ್ತು. "ನಾನೂ ಇದ್ನಲ್ಲಮ್ಮಿ ಅವತ್ತು," ಎಂದಳು, ಯಾರೋ ಅಲ್ಲವೆಂದು ವಾದಿಸಿದ ಹಾಗೆ.

ಅಷ್ಟರಲ್ಲಿ ಟೇಪಿನಲ್ಲಿ ಚಿಕ್ಕಸಿದ್ದಯ್ಯನಿಗೆ ಕೆಮ್ಮು ಬಂತು. ಸಾಲು ಅರ್ಧಕ್ಕೆ ನಿಂತಿತು. ಆ ಖಾಲಿಯಲ್ಲಿ ಒಂದು ಹೆಣ್ಣಿನ ದನಿ, ಸಣ್ಣಗೆ, ಮೇಲಕ್ಕೆ, ಒಂದೇ ಎಳೆಯಾಗಿ ಸಾಲನ್ನು ಹಿಡಿದುಕೊಂಡು ಹೋಯಿತು. ನಾಲ್ಕು ಮಾತ್ರೆಯಷ್ಟು. ಮತ್ತೆ ಅವನ ದನಿ ಬಂದು ಮುಚ್ಚಿಬಿಟ್ಟಿತು.

"ಇದ್ಯಾರಮ್ಮಿ?"

"ನೀವೇ, ಅತ್ತೆ."

ಶಿವನಂಜಮ್ಮ ಅದನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ಹಾಕಿಸಿದಳು. ಹುರುಳಿಯನ್ನು ಕೋಳಿ ಬಂದು ಹೆಕ್ಕುತ್ತಿದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಸಂಜೆ ಮಾದಣ್ಣ ಬಂದಾಗ ತಂಬೂರಿ ಕೈಗೆ ಕೊಟ್ಟು, "ಇದ್ನ ಮ್ಯಾಲಕ್ಕೆ ಏರ್ಸಪ್ಪ," ಎಂದಳು.

"ಅಯ್ಯೋ ಅತ್ಗೆ, ಅಣ್ಣ ಸುಮ್ಕಿದ್ದಾರಾ?"

"ಈಗ ಸುಮ್ಕೇ ತಾನೆ ಅವ್ರೆ?"

ಮಾದಣ್ಣ ನಕ್ಕು ತಂತಿ ಬಿಗಿಯುವ ಬಿರಟೆ ತಿರುಗಿಸಿದ. ಎರಡು ತಂತಿ ಪಟ್ಟೆಂದು ಕಿತ್ತವು. ಉಳಿದೆರಡು ತಂತಿಯಲ್ಲೇ ಅವಳು ಹಾಡಿದಳು. ಏರಿಸಿದ ಶ್ರುತಿಯಲ್ಲಿ ಕತೆ ಬೇರೆಯಾಗಿಯೇ ಬಂತು. ಹೊಳೆಯ ಹತ್ತಿರ ಬಂದಾಗ ಅವಳಿಗೆ ಮುಂದೆ ಹೋಗಲು ಆಗಲಿಲ್ಲ. ಚಿಕ್ಕಸಿದ್ದಯ್ಯ ಆ ಹೊಳೆಯನ್ನು ಎರಡೇ ಸಾಲಿನಲ್ಲಿ ದಾಟಿಸುತ್ತಿದ್ದ. ಅವಳು ತಂಗಿಯನ್ನು ದಡದಲ್ಲೇ ನಿಲ್ಲಿಸಿದಳು. ನೀರಿನ ಬಣ್ಣ ಹೇಳಿದಳು. ತೇಲಿ ಬರುತ್ತಿದ್ದ ಮರ ಹೇಳಿದಳು. ಆಚೆ ದಡದಲ್ಲಿ ಹೊಗೆ ಏಳುವುದನ್ನು ನೋಡಿ, ಅದು ಒಲೆಯ ಹೊಗೆಯೋ ಬೇರೆಯದೋ ಎಂದು ತಂಗಿ ಹೊಳೆಯನ್ನೇ ಕೇಳಿದಳು.

ಡಾಕ್ಟರು ಹೇಳಿದ ತಿಂಗಳು ಮುಗಿದದ್ದು ಆ ವಾರವೇ. ಚಿಕ್ಕಸಿದ್ದಯ್ಯ ಜಮೀನಿನಿಂದ ಬಂದವನು ಹುಳುಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಒಂದು ತಿಂಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತಿಗೆ ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದ ಸದ್ದಿತ್ತು.

"ಇದ್ಯಾರ್ ಕತೆ?"

ರಾಣಿ ಬೆಚ್ಚಿ ಸೊಪ್ಪಿನ ಬುಟ್ಟಿ ಬಿಟ್ಟಳು.

"ತಂಗಿದೇ," ಎಂದಳು ಶಿವನಂಜಮ್ಮ.

"ನಮ್ಮಪ್ಪ ಇಂಗ್ ಆಡ್ತಿರ್ನಿಲ್ಲ. ಎಲ್ಡೇ ಸಾಲು."

"ನಿಮ್ಮಪ್ಪ ಯಾವತ್ತು ವೊಳೆ ದಡದಲ್ಲಿ ನಿಂತಿದ್ರು?"

ಶಿವನಂಜಮ್ಮ ಕಾವೇರಿಯಾಚೆ ಮಳವಳ್ಳಿ ಕಡೆಯವಳು. ಮದುವೆಯಾದ ನಾಲ್ಕನೇ ವರ್ಷ ಅವಳವ್ವ ತೀರಿಕೊಂಡಾಗ ಹೊಳೆ ಬಂದಿತ್ತು, ತೆಪ್ಪದವನು ನೀರಿಗಿಳಿಯುವುದಿಲ್ಲವೆಂದ, ಬಸ್ಸೂ ನಿಂತಿತ್ತು. ಕೂಸು ಪ್ರಭುವನ್ನು ಕಂಕುಳಲ್ಲಿಟ್ಟುಕೊಂಡು ಎರಡು ದಿನ ದಡದಲ್ಲಿದ್ದಳು. ಆಚೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೊತೆಯಲ್ಲಿ ನಿಂತಿದ್ದವನು ಚಿಕ್ಕಸಿದ್ದಯ್ಯನೇ.

ಅದು ನೆನಪಾಗಿಯೋ, ನೆನಪಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂದೋ, ಅವನು ತಂಬೂರಿಯನ್ನು ಅವಳ ಕೈಯಿಂದ ತೆಗೆದುಕೊಂಡ. "ನಿನ್ ಕತೆ ನೀ ಯೆಂಗಾದ್ರು ಆಡ್ಕೊ. ತಂಬೂರಿ ನಮ್ಮಪ್ಪಂದು." ಅದನ್ನು ಒಳಕೋಣೆಯ ಅಟ್ಟದ ಮೇಲಿಟ್ಟು ಟವೆಲ್ಲು ಕೊಡವಿಕೊಂಡು ಹೊರಟುಹೋದ.

ಅವತ್ತಿನಿಂದ ಅವನು ಮನೆಯಲ್ಲಿ ಉಣ್ಣಲಿಲ್ಲ. ಬೆಳಗಾದರೆ ಯಳಂದೂರು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗುವನು. ಶಿವನಂಜಮ್ಮ ಮೂರು ಹೊತ್ತೂ ಅವನ ಪಾಲಿನ ಮುದ್ದೆ ಕಟ್ಟಿ ತಟ್ಟೆಯಲ್ಲಿಡುವಳು, ಮೇಲೊಂದು ತಟ್ಟೆ ಮುಚ್ಚುವಳು, ಮರುದಿನ ಅದನ್ನು ಎಮ್ಮೆಗೆ ಹಾಕುವಳು. ತಂಬೂರಿಯಿಲ್ಲದೆ ಬರೀ ತಾಳ ಹಿಡಿದು ಅಭ್ಯಾಸ ಮಾಡಿದಳು.

"ಮಾವ ಸ್ಲೇಟಲ್ಲಿ ಬರೀತಿದ್ದಾಗ್ಲೇ ಚೆನ್ನಾಗಿತ್ತು," ಎಂದಳು ರಾಣಿ ಗಂಡನಿಗೆ. "ನಾನಾದ್ರೂ ಏನಾದ್ರೂ ಒಂದ್ ಓದ್ತಿದ್ದೆ."

ನಾಲ್ಕನೇ ದಿನ ಹೋಟೆಲಿನ ಚಟ್ನಿಯ ಖಾರಕ್ಕೆ ಗಂಟಲು ಉರಿದು, ಹೊಟ್ಟೆಯೂ ಕೆಟ್ಟು, ಚಿಕ್ಕಸಿದ್ದಯ್ಯ ಮಧ್ಯಾಹ್ನವೇ ಮನೆಗೆ ಬಂದು ಜಗಲಿಯ ಮೇಲೆ ಮುದುಡಿಕೊಂಡ. ಶಿವನಂಜಮ್ಮ ಅಕ್ಕಿ ಗಂಜಿ ಕಾಯಿಸಿ ಆರಿಸಿ ತಂದಿಟ್ಟಳು. ಅವನು ಲೋಟ ಎತ್ತಿಕೊಂಡಾಗ ಕೆಂಪಾಜಮ್ಮ ಗೋಡೆ ಹಿಡಿದುಕೊಂಡು ಬಂದು ಪಕ್ಕ ಕೂತಳು.

"ಲೋ ಸಿದ್ದ, ಕತೇಲಿ ಅತ್ತೆ ಸೊಸೆಗೆ ಯೆಷ್ಟು ಕೆಲ್ಸ ಯೋಳ್ತಾಳೆ?"

"ಐದು. ಯಾಕವ್ವ?"

"ನಿಮ್ಮಪ್ಪ ಆಡ್ತಿದ್ದಾಗ ಮೂರೇ ಇತ್ತು. ಅಸಿ ಸೌದೆದು, ಕಂಬ್ಳಿದು ನೀ ಸೇರ್ಸಿದ್ದು. ಹನೂರ್ ತಾವ ಒಂದ್ ಮದ್ವೆ ಮನೇಲಿ ಸೇರ್ಸಿದೆ, ಜನ ನಕ್ಕುದ್ರು ಅಂತ ಅಂಗೇ ಇಡ್ಕಂಡೆ. ನಿಮ್ಮಪ್ಪ ಮೂರು ದಿನ ನಿನ್ ಕುಟೆ ಮಾತಾಡ್ನಿಲ್ಲ. ಮರ್ತೋದಾ?"

ಚಿಕ್ಕಸಿದ್ದಯ್ಯ ಗಂಜಿಯ ಲೋಟ ಕೆಳಗಿಟ್ಟ.

"ನಾಕ್ನೇ ದಿನ ಏನಂದ್ರು ಗೊತ್ತಾ? ನಿನ್ನತ್ರ ಅಲ್ಲ, ನನ್ ಕುಟೆ. ಕಂಬ್ಳಿದು ಚೆನ್ನಾಗದೆ ಕಣಮ್ಮಿ ಅಂದ್ರು."

"ನಂಗ್ ಯಾಕ್ ಯೋಳ್ನಿಲ್ಲ ನೀನು?"

"ಯೋಳಿದ್ರೆ ಇನ್ನೆಲ್ಡು ಸೇರುಸ್ತಿದ್ದೆ."

ಒಳಗೆ ಒಲೆಯ ಮುಂದಿದ್ದ ಶಿವನಂಜಮ್ಮನಿಗೆ ಎಲ್ಲ ಕೇಳಿಸಿತು. ಅವಳು ಹೊರಗೆ ಬರಲಿಲ್ಲ. ಸಂಜೆ ಗಂಡನ ಪಾಲಿನ ಮುದ್ದೆಗೆ ಮುಚ್ಚಳ ಬೇಕಾಗಲಿಲ್ಲ. ಅವನು ಬಿಸಿಬಿಸಿಯಾಗಿಯೇ ಉಂಡ. ಮಾರನೇ ದಿನ ಬೆಳಿಗ್ಗೆ ಹೇಳದೆ ಕೇಳದೆ ಕೊಳ್ಳೇಗಾಲದ ಬಸ್ಸು ಹತ್ತಿದವನು ಮಧ್ಯಾಹ್ನ ಒಂದು ಕಾಗದದ ಸುರುಳಿ ಹಿಡಿದು ಬಂದ. ಅದರಲ್ಲಿ ತೆಳುವಾದ ಹೊಸ ತಂತಿಗಳಿದ್ದವು. ಅಟ್ಟದಿಂದ ತಂಬೂರಿ ಇಳಿಸಿ, ಹಳೆಯ ದಪ್ಪ ತಂತಿಗಳನ್ನೆಲ್ಲ ಬಿಚ್ಚಿ, ಹೊಸವನ್ನು ಒಂದೊಂದಾಗಿ ಕಟ್ಟಿದ.

"ಆ ತಂತಿ ಅಷ್ಟು ಮ್ಯಾಕ್ಕೆ ತಡಿಯಾಕಿಲ್ಲ," ಎಂದ, ಯಾರ ಮುಖವನ್ನೂ ನೋಡದೆ. "ಎಲ್ಲಿ, ದನಿ ಕೊಡು."

ಶಿವನಂಜಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ದನಿ ಕೊಟ್ಟಳು. ಅವನು ಕಿವಿಯಿಟ್ಟು ಬಿರಟೆ ತಿರುಗಿಸುತ್ತಾ ಅವಳ ದನಿಗೆ ತಂತಿಯನ್ನು ತಂದು ನಿಲ್ಲಿಸಿದ.

ಅಜ್ಜೀಪುರಕ್ಕೆ ಇಡೀ ಮನೆಯೇ ಹೊರಟಿತು. ಕೆಂಪಾಜಮ್ಮ ಹಟ ಮಾಡಿದ್ದಕ್ಕೆ ಪ್ರಭುಸ್ವಾಮಿ ಅಂಗಡಿ ಮುಚ್ಚಿ ಅಜ್ಜಿಯನ್ನು ಬಸ್ಸು ಹತ್ತಿಸಿ ಇಳಿಸುವ ಕೆಲಸ ವಹಿಸಿಕೊಂಡ. ಕಣ ಸಾರಿಸಿ ರಂಗೋಲಿ ಹಾಕಿದ್ದರು. ನಡುವೆ ರಾಗಿ ರಾಶಿ, ಅದರ ನೆತ್ತಿಯಲ್ಲಿ ಹೂವು. ಹೊತ್ತು ಇನ್ನೂ ಮುಳುಗಿರಲಿಲ್ಲ. ತಂಬೂರಿ ಶಿವನಂಜಮ್ಮನ ಹೆಗಲಲ್ಲಿದ್ದದ್ದು ನೋಡಿ ರುದ್ರಸ್ವಾಮಿಯ ದೊಡ್ಡಪ್ಪ ಸಿದ್ದಮಲ್ಲಪ್ಪ ಹುಬ್ಬು ಗಂಟಿಕ್ಕಿದ.

"ಎಂಗ್ಸು ತಂಬೂರಿ ಇಡ್ಕಂಡಿದ್ದ ನಾ ಕಂಡಿಲ್ಲಪ್ಪ."

"ಕಂಡಿಲ್ಲ ಅಂದ್ರೆ ಕೂತ್ಕಂಡು ನೋಡು, ದೊಡ್ಡಪ್ಪ," ಎಂದರು ರುದ್ರಸ್ವಾಮಿ.

ಶಿವನಂಜಮ್ಮ ಶುರು ಮಾಡಿದಳು. ಹಿಂದೆ ಮಾದಣ್ಣನ ಡಿಕ್ಕಿ, ಪಕ್ಕದಲ್ಲಿ ರಾಣಿ ಮೊದಲ ಸಲ ಸೊಲ್ಲು ಕೊಡಲು ಕೂತಿದ್ದಳು. ತಾಳ ಚಿಕ್ಕಸಿದ್ದಯ್ಯನ ಕೈಯಲ್ಲಿ. ಮೊದಲರ್ಧ ಗಂಟೆ ಅವಳಿಗೆ ತಾನು ಏನು ಹಾಡುತ್ತಿದ್ದೇನೆಂಬುದೇ ತಿಳಿಯಲಿಲ್ಲ. ಆಮೇಲೆ ಹೆದರಿಕೆ ಸ್ವಲ್ಪ ಇಳಿಯಿತು. ತವರಿನಿಂದ ಸುದ್ದಿ ಬಂತು. ತಂಗಿ ಅತ್ತೆಯ ಮುಂದೆ ನಿಂತು ಅಪ್ಪಣೆ ಕೇಳಿದಳು. ಈಗ ಅತ್ತೆಯ ಮಾತು ಬರಬೇಕು. ಶಿವನಂಜಮ್ಮ ಬಾಯಿ ತೆರೆದಳು. ಸಿದ್ದಮಲ್ಲಪ್ಪ ನೇರ ಅವಳನ್ನೇ ನೋಡುತ್ತಿದ್ದ. ಐದು ಕೆಲಸದಲ್ಲಿ ಮೊದಲನೆಯದು ಯಾವುದೆಂದು ಹೊಳೆಯಲಿಲ್ಲ. ರಾಣಿ ಹಿಂದಿನ ಸಾಲನ್ನೇ ಇನ್ನೊಮ್ಮೆ ಎಳೆದಳು, ಮತ್ತೂ ಒಮ್ಮೆ ಎಳೆದಳು. ಡಿಕ್ಕಿ ತಡವರಿಸಿತು.

ಆಗ ಹಿಂದಿನಿಂದ ಒಂದು ದನಿ ಬಂತು. ಒಡೆದದ್ದು, ಗೊರಗೊರ ಎನ್ನುವುದು.

"ಓಯ್ತೀಯಾ ತಾಯಿ, ಓಗು. ಯಾರ್ ಬ್ಯಾಡ ಅಂದೋರು? ನಂಗೊಂದು ಮಡಕೆ ನೀರು ತಂದಿಟ್ಟು ಓಗು. ಮಡಕೆ ವಸಿ ತೂತಾಗದೆ. ನಿನ್ ಬುದ್ಧಿಯಷ್ಟೇನಿಲ್ಲ."

ಕಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಿಕ್ಕಸಿದ್ದಯ್ಯ ಬೆನ್ನು ಬಗ್ಗಿಸಿ, ಒಂದು ಕಣ್ಣು ಕಿರಿದು ಮಾಡಿ ಕೂತಿದ್ದ. ಮೊದಲು ಒಬ್ಬಳು ಮುದುಕಿ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಶಿವನಂಜಮ್ಮನಿಗೆ ಕತೆ ಕೈಗೆ ಸಿಕ್ಕಿತು. ಅವಳು ತಂಗಿಯಾಗಿ ಹಾಡಿ ಉತ್ತರ ಕೊಟ್ಟಳು. ಅವನು ಎರಡನೆಯ ಕೆಲಸ ಹೇಳಿದ, ಅವಳು ಹಾಡಿದಳು. ಮೂರು ಮುಗಿಯಿತು, ನಾಲ್ಕು ಮುಗಿಯಿತು, ಕಂಬಳಿಯೂ ಬೆಳ್ಳಗಾಯಿತು. ಅವಳು ಹೊಳೆಯ ಕಡೆ ಹೊರಡಬೇಕೆನ್ನುವಾಗ ಅವನು ತಡೆದ.

"ಎಲ್ಲಮ್ಮಿ ಓಯ್ತಿದ್ದೀಯೆ? ನನ್ ಎಲೆಅಡ್ಕೆ ಕುಟ್ಕೊಟ್ಟೋಗು. ಸಣ್ಣಕೆ ಕುಟ್ಟು, ಬಾಯ್ಲಿ ಅಲ್ಲಿಲ್ಲ ನಂಗೆ."

ಕಣವೆಲ್ಲ ನಗುವಿನಲ್ಲಿ ಬಿದ್ದುಹೋಯಿತು. ಸಿದ್ದಮಲ್ಲಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಚಾಪೆಯ ಮೇಲೆ ಕೂತಿದ್ದ ಕೆಂಪಾಜಮ್ಮನೂ ಗಟ್ಟಿಯಾಗಿ ನಗುತ್ತಿದ್ದವಳು ಥಟ್ಟನೆ ನಿಲ್ಲಿಸಿ, "ಪ್ರಭು, ಇದ್ಯಾರ್ ಮಾತ್ಲಾ?" ಎಂದಳು. ಪ್ರಭುಸ್ವಾಮಿ ಬೇರೆ ಕಡೆ ಮುಖ ತಿರುಗಿಸಿಕೊಂಡ.

ನಗು ತಾನಾಗಿ ಇಳಿಯುವವರೆಗೆ ಶಿವನಂಜಮ್ಮ ಬರೀ ತಂತಿ ಮಿಡಿಯುತ್ತ ಕಾದಳು. ಆಮೇಲೆ ತಂಗಿಯನ್ನು ದಡಕ್ಕೆ ತಂದಳು. ನೀರಿನ ಬಣ್ಣ ಹೇಳಿದಳು, ತೇಲುವ ಮರ ಹೇಳಿದಳು, ಹೊಗೆ ಹೇಳಿದಳು. ಚಿಕ್ಕಸಿದ್ದಯ್ಯನ ತಾಳ ಮೊದಲು ಹಳೆಯ ಅಭ್ಯಾಸಕ್ಕೆ ಓಡಿತು. ಎರಡು ಸಾಲಿನ ಮೇಲೆ ಅವನೇ ಅದನ್ನು ಹಿಡಿದು ನಿಲ್ಲಿಸಿಕೊಂಡ. ಕಂಕುಳಲ್ಲಿ ಕೂಸು ಅಳುವುದನ್ನು ಅವಳು ಹೇಳಿದಾಗ ಅವನು ತಲೆ ತಗ್ಗಿಸಿದ. ಹೊಳೆ ದಾರಿ ಬಿಟ್ಟಾಗ ದೀಪ ಹಚ್ಚುವ ಹೊತ್ತಾಗಿತ್ತು.

ಹಾಡಿದವರಿಗೆ ಪಂಚೆ ಹೊದಿಸುವುದು ಆ ಮನೆಯ ಪದ್ಧತಿ. ರುದ್ರಸ್ವಾಮಿ ತಟ್ಟೆಯಲ್ಲಿ ಪಂಚೆಯಿಟ್ಟುಕೊಂಡು ಬಂದು, ಶಿವನಂಜಮ್ಮನ ಮುಂದೆ ನಿಂತು, ಏನು ಮಾಡುವುದೆಂದು ತೋಚದೆ ಹೆಂಡತಿಯ ಕಡೆ ನೋಡಿದರು. ಆಕೆ ಒಳಗೆ ಓಡಿಹೋಗಿ ತನ್ನದೇ ಪೆಟ್ಟಿಗೆಯಿಂದ ಒಂದು ಹೊಸ ಸೀರೆ ತಂದು ತಟ್ಟೆಯಲ್ಲಿಟ್ಟಳು. ಶಿವನಂಜಮ್ಮ ಸೀರೆ ಕಣ್ಣಿಗೊತ್ತಿಕೊಂಡು, "ಪಂಚೆ ಅತ್ತೆಗೆ ಕೊಡಿ," ಎಂದು ಗಂಡನ ಕಡೆ ತೋರಿಸಿದಳು.

"ತಾ ಇಲ್ಲಿ," ಎಂದು ಚಾಪೆಯ ಮೇಲಿಂದ ಕೆಂಪಾಜಮ್ಮ ಕೈ ಚಾಚಿದಳು. "ಅವ್ನು ಆಡಿದ್ದೆಲ್ಲಾ ನನ್ ಮಾತೇ ತಾನೆ?"

ಮಾರನೇ ದಿನ ಬೆಳಿಗ್ಗೆ ಕೊಳ್ಳೇಗಾಲದ ಬಸ್ಸಿನಲ್ಲಿ ಕೆಂಪಾಜಮ್ಮ ಪಂಚೆ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಹಿಂದಿನ ಸೀಟಿನಲ್ಲಿ ರಾಣಿ ಮಾದಣ್ಣನಿಗೆ ಎಲ್ಲೆಲ್ಲಿ ಸೊಲ್ಲು ತಪ್ಪಿದೆನೆಂದು ಕೇಳುತ್ತಿದ್ದಳು. ಹನೂರು ದಾಟಿದ ಮೇಲೆ ಚಿಕ್ಕಸಿದ್ದಯ್ಯ ಕಿಟಕಿಯ ಪಕ್ಕ ಕೂತಿದ್ದ ಹೆಂಡತಿಯ ಕಡೆ ವಾಲಿ, ಬಸ್ಸಿನ ಸದ್ದಿಗೆ ಕೇಳಿಸದಿದ್ದೀತೆಂದು ಎರಡು ಸಲ ಹೇಳಿದ.

"ಆ ವೊಳೆ ತಾವ ನಾ ತಾಳ ತಪ್ಪುದ್ನಾ?"

"ವಸಿ ಮುಂದೋದ್ರಿ."

"ಮುಂದ್ಕೆ ಆಡುವಾಗ ಯೆಷ್ಟೊತ್ತು ನಿಲ್ಸಿ ಇಡ್ಕಬೇಕು, ಯೋಳು."

ಶಿವನಂಜಮ್ಮ ಕಿಟಕಿಯಿಂದ ಅವನ ಕಡೆ ತಿರುಗಿದಳು.

"ನಾ ದಾಟೋಗಂಟ," ಎಂದಳು.